ದೂರ ಎಣಿಸಬೇಡಿ, ಹತ್ತುವುದನ್ನು ಎಣಿಸಿ

ಬೆಳಗಿನ ರೈಲಿಗೆ ಬೆಂಗಳೂರಿಗೆ ಬಂದು ರಾತ್ರಿ ಬಸ್ಸಿಗೆ ಊರಿಗೆ ಮರಳುವವರಿಗೆ ಒಂದು ಬಹಿರಂಗ ಪತ್ರ

ಬಂಧುಗಳೇ,



ನೀವು ಯಾರು, ಏತಕ್ಕೆ ಬರುತ್ತೀರಿ ಎಂಬುದು ಮೆಜೆಸ್ಟಿಕ್ಕಿನಲ್ಲಿ ಅರ್ಧ ಗಂಟೆ ನಿಂತವರಿಗೆಲ್ಲ ಗೊತ್ತು. ಕಿದ್ವಾಯಿ ಆಸ್ಪತ್ರೆಯಲ್ಲಿ ಅಪ್ಪನ ರಿಪೋರ್ಟು ತೋರಿಸಬೇಕು. ಮಗಳ ಕಾಲೇಜು ಸೀಟಿನ ಕೌನ್ಸೆಲಿಂಗಿಗೆ ದಾಖಲೆಗಳನ್ನು ಹಿಡಿದು ಮಲ್ಲೇಶ್ವರದ ಕೆಇಎ (ಪರೀಕ್ಷಾ ಪ್ರಾಧಿಕಾರ) ಕಚೇರಿಗೆ ಹೋಗಬೇಕು. ಹೈಕೋರ್ಟಿನಲ್ಲಿ ಜಮೀನಿನ ಕೇಸಿಗೆ ಇವತ್ತು ತಾರೀಖು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ತಮ್ಮನಿಗೆ ಇಂಟರ್‌ವ್ಯೂ. ಅಥವಾ ಇದ್ಯಾವ ತಲೆನೋವೂ ಇಲ್ಲದೆ, ರಜೆಯಲ್ಲಿ ಮಕ್ಕಳಿಗೆ ಲಾಲ್‌ಬಾಗು, ಬನ್ನೇರುಘಟ್ಟ ತೋರಿಸಬೇಕು. ನಾನೂ ನಿಮ್ಮ ಹಾಗೆ ಊರಿಂದ ಬಂದವನು. ಬಂದವನು ಇಲ್ಲೇ ಉಳಿದೆ, ದಿನವೂ ಬಸ್ಸಿನಲ್ಲೇ ಓಡಾಡುತ್ತೇನೆ, ನಿಮಗೂ ನನಗೂ ಇರುವ ವ್ಯತ್ಯಾಸ ಅಷ್ಟೆ. ಹಾಗಾಗಿ ಊರಿನಿಂದ ಯಾರೇ ಫೋನು ಮಾಡಲಿ, ಮಾತಿನ ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: 'ನಾಳೆ ಬರ್ತಿದ್ದೀವಿ, ಪಾಸು ತಗೊಳ್ಳೋದೋ, ಟಿಕೆಟ್ಟೋ, ಇಲ್ಲ ಮೆಟ್ರೊ ಕಾರ್ಡೋ?'

ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಉತ್ತರ ಒಂದೇ ಸಾಲಿನದು: ಎಷ್ಟು ದೂರ ಹೋಗುತ್ತೀರಿ ಎಂದು ನೋಡಬೇಡಿ, ಎಷ್ಟು ಸಲ ಬಸ್ಸು ಹತ್ತುತ್ತೀರಿ ಎಂದು ಎಣಿಸಿ. ಉಳಿದದ್ದು ಇದರ ವಿವರಣೆ. ವಿವರಣೆ ತುಸು ಉದ್ದವಿದೆ, ರೈಲಿನಲ್ಲಿ ಕೂತು ಓದಿಕೊಳ್ಳಿ.

ಮೊದಲು ಗೊತ್ತಿರಬೇಕಾದದ್ದು, ಬೆಂಗಳೂರಿನಲ್ಲಿ ಬಸ್ಸಿನ ಯಜಮಾನರು ಬೇರೆ, ಮೆಟ್ರೊದ ಯಜಮಾನರು ಬೇರೆ. ಬಸ್ಸು ಬಿಎಂಟಿಸಿಯದು. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದ ನಿಗಮ ಇದು. ಮೆಟ್ರೊ ಇನ್ನೊಂದು ನಿಗಮದ್ದು, 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಓಡಲು ಶುರು ಮಾಡಿತು. ಬಸ್ಸಿನ ಪಾಸು ಹಿಡಿದು ಹೋದರೆ ಮೆಟ್ರೊದ ಗೇಟು ತೆರೆಯುವುದಿಲ್ಲ. ಮೆಟ್ರೊ ಕಾರ್ಡು ತೋರಿಸಿದರೆ ಕಂಡಕ್ಟರು 'ಟಿಕೆಟ್ ತಗೊಳ್ಳಿ' ಎನ್ನುತ್ತಾರೆ. ನಿಮ್ಮನ್ನು ಊರಿಂದ ಕರೆತಂದ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸಿನಲ್ಲೂ ಬಿಎಂಟಿಸಿ ಪಾಸು ನಡೆಯುವುದಿಲ್ಲ, ಆ ಬಸ್ಸು ನಗರದೊಳಗೇ ಸಾಗುತ್ತಿದ್ದರೂ ಅಷ್ಟೆ. ಆದ್ದರಿಂದ 'ಬೆಂಗಳೂರಿಗೆ ಒಂದು ಪಾಸು' ಎಂಬುದು ಇಲ್ಲ. ಬಸ್ಸಿನ ಲೆಕ್ಕ ಒಂದು, ಮೆಟ್ರೊ ಲೆಕ್ಕ ಒಂದು. ಎರಡನ್ನೂ ಬೇರೆಬೇರೆಯಾಗಿಯೇ ಹಾಕಬೇಕು.

ಲೆಕ್ಕಕ್ಕೆ ಮೊದಲು ನಿಮ್ಮ ಜೊತೆ ಯಾರು ಯಾರು ಬರುತ್ತಿದ್ದಾರೆ ಎಂದು ನೋಡಿಕೊಳ್ಳಿ. ಗಂಡ, ಹೆಂಡತಿ, ಅತ್ತೆ, ಮಗಳು ಹೀಗೆ ನಾಲ್ವರು ಹೊರಟಿದ್ದೀರಿ ಅನ್ನಿ. ನಾಲ್ಕು ಪಾಸಿಗೆ ದುಡ್ಡು ತೆಗೆದಿಡುವುದು ಬೇಡ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ನಿವಾಸಿಗಳಾದ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಲಿಂಗತ್ವ ಅಲ್ಪಸಂಖ್ಯಾತರಿಗೂ ಈ ಸೌಲಭ್ಯವಿದೆ. ಅಲ್ಲಿಗೆ ಆ ನಾಲ್ವರಲ್ಲಿ ಪಾಸಿನ ಪ್ರಶ್ನೆ ಉಳಿಯುವುದು ಗಂಡಸು ಒಬ್ಬನಿಗೆ ಮಾತ್ರ. ಮೂವರು ಉಚಿತವಾಗಿ ಓಡಾಡುವ ಜಾಗದಲ್ಲಿ ಎಲ್ಲರನ್ನೂ ಮೆಟ್ರೊ ಹತ್ತಿಸಿ ನಾಲ್ಕು ಟಿಕೆಟ್ಟಿನ ದುಡ್ಡು ಕೊಡುವ ಮೊದಲು ಒಂದು ಕ್ಷಣ ಯೋಚಿಸಿ. ಮೆಟ್ರೊದಲ್ಲಿ ಶಕ್ತಿ ಇಲ್ಲ, ಎ.ಸಿ. ಬಸ್ಸಿನಲ್ಲೂ ಇಲ್ಲ.

ಶಕ್ತಿಯ ವಿಷಯದಲ್ಲಿ ಮೂರು ಎಚ್ಚರಿಕೆಗಳಿವೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಯಲ್ಲಿರಬೇಕು. ಝೆರಾಕ್ಸ್ ನಂಬಿಕೊಂಡು ಬರಬೇಡಿ. ಉಚಿತವೆಂದು ಸುಮ್ಮನೆ ಕೂರಬಾರದು, ಪ್ರತಿ ಬಸ್ಸಿನಲ್ಲೂ ಶೂನ್ಯ ದರದ ಟಿಕೆಟ್ ಕೇಳಿ ಪಡೆಯಬೇಕು. ಚೆಕಿಂಗಿನವರು ಹತ್ತಿದಾಗ ಅವರು ನೋಡುವುದು ಆ ಟಿಕೆಟ್ಟನ್ನೇ. ಮೂರನೆಯದು ಕಾಸರಗೋಡಿನಿಂದ, ಸೊಲ್ಲಾಪುರದ ಕಡೆಯಿಂದ ಬರುವ ನಮ್ಮ ಅಕ್ಕಂದಿರಿಗೆ: ಯೋಜನೆ ನೋಡುವುದು ಮಾತನ್ನಲ್ಲ, ವಿಳಾಸವನ್ನು. ಮನೆಮಾತು ಕನ್ನಡವಾಗಿದ್ದರೂ ಆಧಾರಿನಲ್ಲಿ ಬೇರೆ ರಾಜ್ಯದ ವಿಳಾಸವಿದ್ದರೆ ನಿಮಗೆ ಟಿಕೆಟ್ಟೋ ಪಾಸೋ ಬೇಕು. ಈ ಮುಂದಿನ ಲೆಕ್ಕ ನಿಮಗೂ ಅನ್ವಯಿಸುತ್ತದೆ.

ಇನ್ನು ಮಕ್ಕಳು. ಬಿಎಂಟಿಸಿಯಲ್ಲಿ ಆರು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಆರರಿಂದ ಹನ್ನೆರಡರವರಿಗೆ ಅರ್ಧ ಟಿಕೆಟ್. ಅರ್ಧ ಟಿಕೆಟ್ಟಿನ ಹುಡುಗನಿಗೆ ಪಾಸು ಗಿಟ್ಟುವುದು ಬಲು ಅಪರೂಪ. ಮೆಟ್ರೊದವರು ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. ಮೂರು ಅಡಿಗಿಂತ ಕುಳ್ಳಗಿರುವ ಮಗುವಿಗೆ ಉಚಿತ, ಅದಕ್ಕಿಂತ ಬೆಳೆದಿದ್ದರೆ ಪೂರ್ತಿ ದರ. ಅಂದರೆ ಏಳೆಂಟು ವರ್ಷದ ಇಬ್ಬರು ಮಕ್ಕಳೊಂದಿಗೆ ಬಂದ ಗಂಡ ಹೆಂಡತಿಗೆ ಮೆಟ್ರೊದಲ್ಲಿ ನಾಲ್ಕು ದೊಡ್ಡವರ ಖರ್ಚು. ಅರವತ್ತು ದಾಟಿದ ಹಿರಿಯರಿಗೆ ಬಸ್ ಟಿಕೆಟ್ಟಿನಲ್ಲಿ ಶೇ 25 ರಿಯಾಯಿತಿ ಇದೆ. ಅವರೂ ವಯಸ್ಸು ತೋರಿಸುವ ಚೀಟಿ ಇಟ್ಟುಕೊಂಡೇ ಹೊರಡಲಿ.

ಈಗ ದಿನದ ಪಾಸಿಗೆ ಬರೋಣ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿದಾಗ ಸಾಮಾನ್ಯ ಬಸ್ಸಿನ ದಿನದ ಪಾಸು 70 ರೂಪಾಯಿಯಿಂದ 80ಕ್ಕೆ ಹೋಯಿತು. ಅದೇ ಏರಿಕೆಯಲ್ಲಿ ಮೊದಲ ಸ್ಟೇಜಿನ ಟಿಕೆಟ್ 5ರಿಂದ 6 ರೂಪಾಯಿ, 10 ಇದ್ದದ್ದು 12, 15 ಇದ್ದದ್ದು 18, 20 ಇದ್ದದ್ದು 23, 25 ಇದ್ದದ್ದು 28 ಆಯಿತು. ಇವಿಷ್ಟನ್ನು ಇಟ್ಟುಕೊಂಡು ನೋಡಿ. 12 ರೂಪಾಯಿ ಟಿಕೆಟ್ಟಿನ ಓಡಾಟವಾದರೆ ಏಳನೆಯ ಸಲ ಹತ್ತಿದಾಗ ಪಾಸು ಗಿಟ್ಟುತ್ತದೆ. 18ರದಾದರೆ ಐದನೆಯ ಸಲ. 23ರದಾದರೆ ನಾಲ್ಕನೆಯ ಸಲ. 28ರ ಉದ್ದ ಹಾದಿಯಾದರೆ ಮೂರನೆಯ ಸಲಕ್ಕೇ. ಊರಿನಿಂದ ಬಂದವರ ದಿನದಲ್ಲಿ ಇವೆಲ್ಲ ಬೆರೆತಿರುತ್ತವೆ. ಅದಕ್ಕೇ ನಾನು ಹೇಳುವ ಸರಾಸರಿ ಸೂತ್ರ ಇದು: ಮೂರು ಸಲದವರೆಗೆ ಟಿಕೆಟ್, ಐದು ಸಲಕ್ಕೆ ಪಾಸು, ನಾಲ್ಕಾದರೆ ಒಂದೊಂದರ ದರ ನೋಡಿ ನಿರ್ಧಾರ. ರಿಯಾಯಿತಿ ಇರುವ ಹಿರಿಯರಿಗೆ ಇದರ ಮೇಲೆ ಇನ್ನೊಂದೆರಡು ಸಲ ಸೇರಿಸಿಕೊಳ್ಳಿ.

ಪಾಸೆಂದರೆ ಹೋಟೆಲಿನ ಫುಲ್ ಮೀಲ್ಸ್ ಇದ್ದ ಹಾಗೆ. ಹಸಿವು ಎಷ್ಟಿದೆ ಎಂದು ನೋಡಿಕೊಳ್ಳದೆ ಕೂಪನ್ ತಗೊಂಡರೆ ಹೊಟ್ಟೆಗೂ ಕಷ್ಟ, ಜೇಬಿಗೂ ಕಷ್ಟ. ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು ಡೇರಿ ಸರ್ಕಲ್ಲಿಗೆ ಹೋಗಿ, ಆಸ್ಪತ್ರೆಯಲ್ಲಿ ಇಡೀ ದಿನ ಕಾದು, ಸಂಜೆ ಮೆಜೆಸ್ಟಿಕ್ಕಿಗೆ ಮರಳುವವರು ಹತ್ತುವುದು ಎರಡೇ ಸಲ. ಹೋಗಿ ಬರಲು 23ರಂತೆ ಇಟ್ಟುಕೊಂಡರೂ 46 ರೂಪಾಯಿ. ಅವರಿಗೆ ಪಾಸು ಬೇಡ. ನಿಮ್ಹಾನ್ಸ್, ಕಿದ್ವಾಯಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮೂರೂ ಆ ಸರ್ಕಲ್ಲಿನ ಆಸುಪಾಸಿನಲ್ಲೇ ಇವೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದರೂ ಬಸ್ಸು ಹುಡುಕಬೇಕಾಗಿ ಬರುವುದಿಲ್ಲ.

ಕೌನ್ಸೆಲಿಂಗಿಗೆ ಬಂದವರ ಕಥೆ ಹಾಗಲ್ಲ. ಯಶವಂತಪುರದಲ್ಲಿ ರೈಲಿಳಿದು ಮಲ್ಲೇಶ್ವರ, ಅಲ್ಲಿಂದ ಯಾವುದೋ ಕಾಲೇಜು, ಅಲ್ಲಿಂದ ಹಾಸ್ಟೆಲ್ ನೋಡಲು ಬನಶಂಕರಿ, ನೆಂಟರ ಮನೆಗೊಂದು ಭೇಟಿ, ರಾತ್ರಿ ಮೆಜೆಸ್ಟಿಕ್. ಮಧ್ಯೆ ಎರಡು ಕಡೆ ಬಸ್ಸು ಬದಲಿಸಲೇಬೇಕು. ಏಳು ಸಲ ಹತ್ತಿದಂತಾಯಿತು. ಇಂಥವರು ಮೊದಲ ಬಸ್ಸಿನ ಮೆಟ್ಟಿಲಲ್ಲೇ ಕಂಡಕ್ಟರಿಗೆ 'ಒಂದು ದಿನದ ಪಾಸು ಕೊಡಿ' ಎಂದುಬಿಡಬೇಕು. ಪಾಸಿಗೆಂದು ಯಾವ ಕೌಂಟರೂ ಹುಡುಕಬೇಕಿಲ್ಲ, ಬಸ್ಸಿನಲ್ಲೇ ಕೊಡುತ್ತಾರೆ. ಫೋನಿನಲ್ಲಿ ಬೇಕೆಂದರೆ ಟಮ್ಮಾಕ್ ಆ್ಯಪ್‌ನಲ್ಲಿ ಕೊಳ್ಳಬಹುದು. ಆದರೆ ಬೆಳಿಗ್ಗೆಯಿಂದ ರೈಲಿನಲ್ಲಿ ವಿಡಿಯೊ ನೋಡುತ್ತ ಬಂದ ಫೋನು ಮಧ್ಯಾಹ್ನದ ಹೊತ್ತಿಗೆ ಕಣ್ಣುಮುಚ್ಚಿದರೆ ಪಾಸೂ ಅದರೊಂದಿಗೆ ಹೋಯಿತು. ಕಾಗದದ ಪಾಸನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವುದೇ ಕ್ಷೇಮ.

ಏಳು ಸಲ ಹೇಗಾಯಿತು ಎಂದು ಕೇಳಬಹುದು, ಜಾಗಗಳು ಐದೇ ತಾನೆ? ಇಲ್ಲೇ ಎಲ್ಲರೂ ತಪ್ಪುವುದು. ಬಿಎಂಟಿಸಿಯಲ್ಲಿ ಟಿಕೆಟ್ ಆ ಬಸ್ಸಿಗೆ ಮಾತ್ರ. ಇಳಿದು ಇನ್ನೊಂದು ಬಸ್ಸು ಹತ್ತಿದರೆ ಹೊಸ ಟಿಕೆಟ್, ಮತ್ತೆ ಮೊದಲ ಸ್ಟೇಜಿನಿಂದ ಲೆಕ್ಕ. ಹನ್ನೆರಡು ಕಿಲೋಮೀಟರನ್ನು ಒಂದೇ ಬಸ್ಸಿನಲ್ಲಿ ಹೋದರೆ ಒಂದು ದರ, ಎರಡು ಬಸ್ಸಿನಲ್ಲಿ ಹೋದರೆ ಅದಕ್ಕಿಂತ ಹೆಚ್ಚು. ಆದ್ದರಿಂದ ಪಾಸು ಬೇಕೋ ಬೇಡವೋ ಎಂಬುದನ್ನು ನಿಮ್ಮ ಕೆಲಸದ ಪಟ್ಟಿ ಹೇಳುವುದಿಲ್ಲ, ಆ ಜಾಗಗಳ ನಡುವೆ ನೇರ ಬಸ್ಸು ಇದೆಯೇ ಇಲ್ಲವೇ ಎಂಬುದು ಹೇಳುತ್ತದೆ. ಮೆಜೆಸ್ಟಿಕ್ಕಿನಿಂದ ಬನ್ನೇರುಘಟ್ಟಕ್ಕೆ 365 ನೇರ ಹೋಗುತ್ತದೆ. ಬನ್ನೇರುಘಟ್ಟವೊಂದನ್ನೇ ನೋಡಿ ಬರುವವರಿಗೆ ಎರಡು ಟಿಕೆಟ್ ಸಾಕು. ದಾರಿಯಲ್ಲಿ ಲಾಲ್‌ಬಾಗು, ಬಸವನಗುಡಿಯ ದೊಡ್ಡ ಬಸವಣ್ಣ, ಗಾಂಧಿಬಜಾರು ಎಂದು ಇಳಿದಿಳಿದು ಹೋಗುವವರಿಗೆ ಪಾಸೇ ಸರಿ.

ಪಾಸಿನ ಇನ್ನೊಂದು ಗುಣ ದುಡ್ಡಿನ ಲೆಕ್ಕದಲ್ಲಿ ಕಾಣಿಸದು. ಟಿಕೆಟ್ ಕೊಳ್ಳುವವನು ನೇರ ಬಸ್ಸಿಗೇ ಕಾಯುತ್ತಾನೆ, ಎರಡು ಟಿಕೆಟ್ ಏಕೆ ತೆಗೆಯಬೇಕೆಂದು. ಪಾಸು ಇದ್ದವನು ಬಂದ ಬಸ್ಸು ಹತ್ತಿಬಿಡುತ್ತಾನೆ. ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್, ಕಾರ್ಪೊರೇಷನ್, ಶಾಂತಿನಗರ, ಶಿವಾಜಿನಗರ, ಬನಶಂಕರಿ ಈ ಆರು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ನಿಮ್ಮ ದಿಕ್ಕಿಗೆ ನೇರ ಬಸ್ಸು ಇಲ್ಲದಿದ್ದರೆ ಇವುಗಳಲ್ಲಿ ಒಂದಕ್ಕೆ ಹೋಗುವ ಬಸ್ಸು ಖಂಡಿತ ಇರುತ್ತದೆ. ಅಲ್ಲಿ ಇಳಿದರೆ ಮುಂದಿನದು ಸಿಗುತ್ತದೆ. ದಾರಿ ತಪ್ಪಿ ಎದುರು ದಿಕ್ಕಿನ ಬಸ್ಸು ಹತ್ತಿದರೂ ಗಾಬರಿಯಿಲ್ಲ, ಮುಂದಿನ ಸ್ಟಾಪಿನಲ್ಲಿ ಇಳಿದು ರಸ್ತೆ ದಾಟಿದರಾಯಿತು. ಚಿಲ್ಲರೆಯ ರಗಳೆಯೂ ಬೆಳಿಗ್ಗೆಯೇ ಮುಗಿದಿರುತ್ತದೆ. ನಗರಕ್ಕೆ ಹೊಸಬರಾದವರಿಗೆ, ಬೋರ್ಡು ಓದಲು ತಡವಾಗುವ ವಯಸ್ಸಾದವರಿಗೆ, ಲೆಕ್ಕದಲ್ಲಿ ಹತ್ತು ರೂಪಾಯಿ ನಷ್ಟವಾದರೂ ಪಾಸೇ ತಗೊಳ್ಳಿ ಎನ್ನುತ್ತೇನೆ. ಹತ್ತು ರೂಪಾಯಿಗೆ ಇಡೀ ದಿನದ ಧೈರ್ಯ ಸಿಗುವುದಾದರೆ ಅದೇನೂ ದುಬಾರಿಯಲ್ಲ.

ಬಸ್ಸಿನ ಬಣ್ಣ ನೋಡಿ ಮೋಸಹೋಗಬೇಡಿ. ಈಗ ಬಂದಿರುವ ಎಲೆಕ್ಟ್ರಿಕ್ ಬಸ್ಸುಗಳು ಥಳಥಳ ಹೊಳೆಯುತ್ತವೆ, ಸದ್ದಿಲ್ಲದೆ ಬರುತ್ತವೆ. 'ಇದು ಎ.ಸಿ. ಇರಬೇಕು, ನಮ್ಮ ಪಾಸು ನಡೆಯದು' ಎಂದು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಕಿಟಕಿಯ ಗಾಜು ಸರಿಸಲು ಬರುವಂತಿದ್ದರೆ ಅದು ಸಾಮಾನ್ಯ ಬಸ್ಸು, 80ರ ಪಾಸೂ ನಡೆಯುತ್ತದೆ, ಶಕ್ತಿಯೂ ನಡೆಯುತ್ತದೆ. ಗಾಜು ಪೂರ್ತಿ ಮುಚ್ಚಿದ್ದರೆ ಅದು ವಜ್ರ ಎಂಬ ಎ.ಸಿ. ಬಸ್ಸು. ಅದರ ದಿನದ ಪಾಸಿಗೆ 140 ರೂಪಾಯಿ. ವಜ್ರದ ಪಾಸು ಸಾಮಾನ್ಯ ಬಸ್ಸಿನಲ್ಲೂ ನಡೆಯುತ್ತದೆ, ಸಾಮಾನ್ಯದ ಪಾಸು ವಜ್ರದಲ್ಲಿ ನಡೆಯದು. ಬೇಸಿಗೆಯಲ್ಲಿ ಹೊರವರ್ತುಲ ರಸ್ತೆಯ ಉದ್ದಕ್ಕೂ ನಾಲ್ಕಾರು ಕಂಪನಿಗಳಿಗೆ ಅರ್ಜಿ ಕೊಡುತ್ತ ಅಲೆಯುವ ಹುಡುಗರಿಗೆ ಅದು ಒಪ್ಪೀತು. ಉಳಿದವರಿಗೆ ಬೇಡ. ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರದ ದರವೇ ಬೇರೆ.

ಇನ್ನು ಮೆಟ್ರೊ. ಮೆಟ್ರೊದಲ್ಲಿ ನೀವು ದುಡ್ಡು ಕೊಟ್ಟು ಸಮಯ ಕೊಳ್ಳುತ್ತೀರಿ. 2025ರ ಫೆಬ್ರುವರಿಯಲ್ಲಿ ದರ ಏರಿದಾಗ ಕನಿಷ್ಠ 10, ಗರಿಷ್ಠ 90 ರೂಪಾಯಿ ಆಯಿತು. ಗರಿಷ್ಠ ಮೊದಲು 60 ಇತ್ತು. ಬಸ್ಸಿಗಿಂತ ದುಬಾರಿ ಎಂಬುದು ಸರಿಯೇ. ಆದರೆ ಮೆಜೆಸ್ಟಿಕ್ಕಿನಿಂದ ವೈಟ್‌ಫೀಲ್ಡಿಗೆ 335ಇ ಬಸ್ಸಿನಲ್ಲಿ ಹೋಗಿ ನೋಡಿದವರಿಗೆ ಸಮಯದ ಬೆಲೆ ಗೊತ್ತು. ಮಾರತ್ತಹಳ್ಳಿ ದಾಟುವ ಹೊತ್ತಿಗೆ ಇಂಟರ್‌ವ್ಯೂ ಮುಗಿದಿರುತ್ತದೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗಿನ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆಯಿತು. ಜಯದೇವ ಆಸ್ಪತ್ರೆ, ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ಮೂರೂ ಆ ಮಾರ್ಗದಲ್ಲೇ ಇವೆ. ಗಡಿಯಾರ ನೋಡಿಕೊಂಡು ತಲುಪಬೇಕಾದ ಕೆಲಸಕ್ಕೆ ಹೋಗುವಾಗ ಮೆಟ್ರೊ, ಕೆಲಸ ಮುಗಿದ ಮೇಲೆ ನಿಧಾನಕ್ಕೆ ಮರಳುವಾಗ ಬಸ್ಸು. ಹೀಗೆ ಹಂಚಿಕೊಂಡರೆ ಎರಡರ ಲಾಭವೂ ನಿಮ್ಮದು.

ಮೆಟ್ರೊದವರದೇ ಒಂದು ದಿನದ ಪ್ರವಾಸಿ ಕಾರ್ಡು ಇದೆ, ದಿನವಿಡೀ ಎಷ್ಟು ಬೇಕಾದರೂ ಓಡಾಡಬಹುದು. ಕೇಳಲು ಸೊಗಸು. 2025ರ ಪರಿಷ್ಕರಣೆಯಲ್ಲಿ ಅದರ ಬೆಲೆ 300 ರೂಪಾಯಿ ಆಯಿತು. ಲೆಕ್ಕ ಹಾಕಿ: ಈ ತುದಿಯಿಂದ ಆ ತುದಿಗೆ 90 ರೂಪಾಯಿಯ ಪ್ರಯಾಣವನ್ನೇ ಮೂರು ಸಲ ಮಾಡಿದರೂ 270. ನಾಲ್ಕನೆಯ ಸಲಕ್ಕಷ್ಟೇ ಕಾರ್ಡು ಗಿಟ್ಟುತ್ತದೆ. 30 ರೂಪಾಯಿಯ ಸಣ್ಣ ಓಡಾಟವಾದರೆ ಹನ್ನೊಂದು ಸಲ ಗೇಟು ದಾಟಬೇಕು. ರೈಲು ನೋಡುವುದೇ ಕೆಲಸವಾದರೆ ಸರಿ, ಬೇರೆ ಕೆಲಸವಿದ್ದು ಬಂದವರಿಗೆ ಇದು ಹೊಂದುವುದಿಲ್ಲ. ಬಿಡಿ ಟಿಕೆಟ್ಟೇ ಸಾಕು. ಫೋನಿನಲ್ಲಿ ಒಂದೇ ಕ್ಯೂಆರ್ ಟಿಕೆಟ್ಟಿನಲ್ಲಿ ಆರು ಜನರವರೆಗೂ ಹೋಗಬಹುದು, ಮನೆಮಂದಿ ಜೊತೆಗಿದ್ದಾಗ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಸ್ಮಾರ್ಟ್ ಕಾರ್ಡು ಬೇಕೋ? ಕಾರ್ಡಿನ ಬೆಲೆ 50 ರೂಪಾಯಿ. ಪ್ರತಿ ಪ್ರಯಾಣಕ್ಕೆ ಶೇ 5 ರಿಯಾಯಿತಿ. ಬೆಳಿಗ್ಗೆ 8ರ ಒಳಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ನಂತರ ಹೊರಟರೆ ಇನ್ನೂ ಶೇ 5. ಭಾನುವಾರ ಇಡೀ ದಿನ ಶೇ 10. ಅರವತ್ತು ರೂಪಾಯಿಯ ಪ್ರಯಾಣದಲ್ಲಿ ಉಳಿಯುವುದು ಮೂರರಿಂದ ಆರು ರೂಪಾಯಿ. ಒಂದು ದಿನಕ್ಕೆ ಬಂದವರಿಗೆ ಕಾರ್ಡಿನ ಬೆಲೆಯೇ ಹುಟ್ಟುವುದಿಲ್ಲ. ಗೇಟು ದಾಟಲು ಕಾರ್ಡಿನಲ್ಲಿ 90 ರೂಪಾಯಿ ಇರಲೇಬೇಕೆಂಬ ನಿಯಮ ಬೇರೆ. ತಿಂಗಳಿಗೊಮ್ಮೆ ತಪಾಸಣೆಗೆ ಬರುವವರು, ಕೇಸಿನ ತಾರೀಖಿಗೆ ಮತ್ತೆ ಮತ್ತೆ ಬರುವವರು ಒಂದು ಮಾಡಿಸಿ ಮನೆಯ ದೇವರ ಗೂಡಿನ ಪಕ್ಕ ಇಟ್ಟುಕೊಳ್ಳಿ. ಮನೆಯಿಂದ ಯಾರು ಹೊರಟರೂ ಅದನ್ನೇ ಒಯ್ಯಬಹುದು.

ಮೆಟ್ರೊದ ಹೆಸರುಗಳನ್ನು ನಂಬಿ ಇಳಿಯುವಾಗ ಎಚ್ಚರ. ಕೆಇಎ ಇರುವುದು ಸಂಪಿಗೆ ರಸ್ತೆಯಲ್ಲೇ, ಮೆಟ್ರೊ ನಿಲ್ದಾಣದ ಹೆಸರಿನಲ್ಲೂ ಸಂಪಿಗೆ ರಸ್ತೆ ಇದೆ. ಆದರೆ ನಿಲ್ದಾಣ ರಸ್ತೆಯ ಈ ತುದಿಗೆ, ಕೆಇಎ ಆ ತುದಿಗೆ, ಹದಿನೆಂಟನೇ ಕ್ರಾಸಿನಲ್ಲಿ. ಬಸ್ಸಿನಲ್ಲಿ 'ಮಲ್ಲೇಶ್ವರಂ ಹದಿನೆಂಟನೇ ಕ್ರಾಸ್' ಎಂದರೆ ಹತ್ತಿರದಲ್ಲೇ ಇಳಿಸುತ್ತಾರೆ. ಹಾಗೆಯೇ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ರೈಲಿಳಿದವರು ಬೈಯಪ್ಪನಹಳ್ಳಿ ಮೆಟ್ರೊ ಪಕ್ಕದಲ್ಲೇ ಇದೆ ಎಂದುಕೊಳ್ಳಬೇಡಿ, ನಡುವೆ ಇನ್ನೊಂದು ಸವಾರಿ ಬೇಕು. ವಿಧಾನಸೌಧ, ಹೈಕೋರ್ಟ್, ಉದ್ಯೋಗಸೌಧದ ಕೆಲಸಕ್ಕೆ ಮಾತ್ರ ಅಂಬೇಡ್ಕರ್ ನಿಲ್ದಾಣ ಅನುಕೂಲ. ವಿಕ್ಟೋರಿಯಾ, ಮಿಂಟೋ, ವಾಣಿವಿಲಾಸ ಆಸ್ಪತ್ರೆಗಳಿಗೆ ಕೆ.ಆರ್. ಮಾರ್ಕೆಟ್ ನಿಲ್ದಾಣ ಸರಿಯಾದದ್ದು.

ಎಲ್ಲಿ ಇಳಿಯುತ್ತೀರಿ ಎಂಬುದರಲ್ಲೇ ಅರ್ಧ ಉಳಿತಾಯವಿದೆ. ಮೆಜೆಸ್ಟಿಕ್ಕಿಗೆ ಬಂದೇ ಊರು ಪ್ರವೇಶಿಸಬೇಕೆಂಬ ಶಾಸ್ತ್ರವಿಲ್ಲ. ಮೈಸೂರು, ಮಂಡ್ಯದ ಕಡೆಯಿಂದ ಬರುವವರಿಗೆ ಕೆಂಗೇರಿಯಲ್ಲೇ ನೇರಳೆ ಮಾರ್ಗ ಸಿಗುತ್ತದೆ. ತುಮಕೂರು, ಚಿತ್ರದುರ್ಗ, ಶಿವಮೊಗ್ಗದ ಕಡೆಯಿಂದ ಬರುವವರಿಗೆ ನಾಗಸಂದ್ರದಿಂದ ಗೊರಗುಂಟೆಪಾಳ್ಯದವರೆಗೆ ರಸ್ತೆಯುದ್ದಕ್ಕೂ ಹಸಿರು ಮಾರ್ಗ ತಲೆಯ ಮೇಲೇ ಸಾಗುತ್ತದೆ. ಯಶವಂತಪುರದಲ್ಲಿ ರೈಲು ನಿಲ್ದಾಣಕ್ಕೂ ಮೆಟ್ರೊಗೂ ಒಂದೇ ಅಂಗಳ. ಜಯನಗರಕ್ಕೆ ಹೋಗಬೇಕಾದವರು ಬೆಳಗಿನ ದಟ್ಟಣೆಯಲ್ಲಿ ಮೆಜೆಸ್ಟಿಕ್ಕಿನವರೆಗೆ ಬಸ್ಸಿನಲ್ಲೇ ತೆವಳುವ ಬದಲು ಮೊದಲೇ ಇಳಿದು ಹಸಿರು ರೈಲು ಹತ್ತಿದರೆ ತಿಂಡಿ ತಿನ್ನಲು ಸಮಯ ಉಳಿಯುತ್ತದೆ. ಆದರೆ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ ಹೊತ್ತು ಬರುವವರಿಗೆ ಮೆಟ್ರೊ ಆಗದು. ಚೀಲದ ಅಳತೆಗೂ ತೂಕಕ್ಕೂ ಅಲ್ಲಿ ಮಿತಿಯಿದೆ.

ಆಟೋದವರನ್ನು ಮರೆತಿಲ್ಲ. 2025ರ ಆಗಸ್ಟ್‌ನಿಂದ ಮೀಟರಿನ ಕನಿಷ್ಠ ದರ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಒಬ್ಬರೇ ಇದ್ದಾಗ ಎರಡು ಸಣ್ಣ ಆಟೋ ಸವಾರಿಗೆ ಕೊಡುವ ದುಡ್ಡಿನ ಮೇಲೆ ಎಂಟು ರೂಪಾಯಿ ಹಾಕಿದರೆ ಇಡೀ ದಿನದ ಪಾಸು. ಮೂವರಿದ್ದು, ಒಬ್ಬರಿಗೆ ನಡೆಯಲಾಗದಿದ್ದರೆ ಆಟೋವೇ ಸರಿ. ಮೂವರ ಮೆಟ್ರೊ ಟಿಕೆಟ್ಟಿಗೂ ಮೀಟರಿಗೂ ಹೆಚ್ಚು ಅಂತರ ಉಳಿಯುವುದಿಲ್ಲ. ಮೀಟರು ಹಾಕಿಸುವುದು ನಿಮ್ಮ ಮಾತಿನ ಶಕ್ತಿಗೆ ಬಿಟ್ಟದ್ದು.

ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟು ಧರ್ಮಛತ್ರದಲ್ಲೋ ನೆಂಟರ ಮನೆಯಲ್ಲೋ ಉಳಿದುಕೊಂಡು ದಿನವೂ ಓಡಾಡುವವರಿಗೆ ಪ್ರತ್ಯೇಕವಾಗಿ ಹೇಳಬೇಕು. ನಿಮ್ಮ ಕೈ ಆಗಲೇ ಸೋತಿರುತ್ತದೆ, ದಿನವೂ ಲೆಕ್ಕ ಹಾಕುವ ತಾಳ್ಮೆಯೂ ಇರುವುದಿಲ್ಲ. ವಾರದ ಪಾಸು 350 ರೂಪಾಯಿ. ದಿನದ ಪಾಸನ್ನೇ ನಾಲ್ಕು ದಿನ ಕೊಂಡರೆ 320, ಐದು ದಿನಕ್ಕೆ 400. ಅಂದರೆ ದಿನವೂ ಸುತ್ತಾಟವಿದ್ದು ನಾಲ್ಕು ದಿನ ಮೀರುವಂತಿದ್ದರೆ ವಾರದ ಪಾಸು. ತಿಂಗಳ ಪಾಸು 1200. ಮೂರು ವಾರದ ಪಾಸಿಗೆ 1050, ನಾಲ್ಕಕ್ಕೆ 1400 ಆಗುವುದರಿಂದ, ಚಿಕಿತ್ಸೆ ಮೂರು ವಾರ ದಾಟುತ್ತದೆ ಎಂದು ಡಾಕ್ಟರು ಹೇಳಿದ್ದರೆ ಮಾತ್ರ ತಿಂಗಳಿನದು. ಅದೂ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ. ಆದರೆ ಛತ್ರದಿಂದ ಆಸ್ಪತ್ರೆಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ 12 ರೂಪಾಯಿಯ ಓಡಾಟ ಮಾತ್ರ ಇದ್ದರೆ ವಾರಕ್ಕೆ ಆಗುವುದು 168. ಅಂಥವರಿಗೆ ಯಾವ ಪಾಸೂ ಬೇಡ, ಜೇಬಿನಲ್ಲಿ ಚಿಲ್ಲರೆ ಇದ್ದರೆ ಸಾಕು. ದಿನದ ಪಾಸು ಮಧ್ಯರಾತ್ರಿಗೆ ಮುಗಿಯುತ್ತದೆ ಎಂಬುದೂ ನೆನಪಿರಲಿ. ಸಂಜೆ ಏಳಕ್ಕೆ ಬಂದಿಳಿದು ಪಾಸು ಕೊಂಡರೆ ಮರುದಿನ ಬೆಳಿಗ್ಗೆ ಮತ್ತೊಂದು ಕೊಳ್ಳಬೇಕು.

ಇಷ್ಟನ್ನೂ ಬರೆಯುವಾಗ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ಒಂದು ದಿನದ ಮಟ್ಟಿಗೆ ಬೆಂಗಳೂರಿಗೆ ಬಂದವರು ಇಷ್ಟೆಲ್ಲ ಲೆಕ್ಕ ಏಕೆ ಹಾಕಬೇಕು? ಲಂಡನ್ನಿನಲ್ಲಿ ಈ ಲೆಕ್ಕವನ್ನು ಪ್ರಯಾಣಿಕರು ಹಾಕುವುದಿಲ್ಲ, ಯಂತ್ರ ಹಾಕುತ್ತದೆ. 2005ರಿಂದ ಅಲ್ಲಿನ ಆಯ್‌ಸ್ಟರ್ ಕಾರ್ಡಿಗೆ ದಿನದ ಗರಿಷ್ಠ ಮಿತಿ ಇದೆ. ಬಸ್ಸಿಗೂ ಸುರಂಗ ರೈಲಿಗೂ ಒಂದೇ ಕಾರ್ಡು ತಾಗಿಸುತ್ತ ಹೋದರೆ, ಮಿತಿ ಮುಟ್ಟಿದ ಮೇಲೆ ಆ ದಿನ ದುಡ್ಡು ಕಡಿತವಾಗುವುದಿಲ್ಲ. 2016ರಿಂದ ಒಂದು ಗಂಟೆಯೊಳಗೆ ಬಸ್ಸು ಬದಲಿಸಿದರೆ ಎರಡನೆಯ ಬಸ್ಸಿಗೆ ದುಡ್ಡಿಲ್ಲ. ಪಾಸು ಕೊಳ್ಳಲೋ ಬಿಡಲೋ ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ನಮ್ಮಲ್ಲಿ ದೇಶಕ್ಕೆಲ್ಲ ಒಂದೇ ಸಾರಿಗೆ ಕಾರ್ಡು ಎಂಬ ಯೋಜನೆ 2019ರಲ್ಲಿ ಶುರುವಾಯಿತು, ನಮ್ಮ ಮೆಟ್ರೊ ಗೇಟುಗಳೂ ಆ ಕಾರ್ಡನ್ನು ಒಪ್ಪುತ್ತಿವೆ. ಆದರೆ ಕಾರ್ಡು ಒಂದಾದರೆ ಸಾಲದು, ಲೆಕ್ಕವೂ ಒಂದಾಗಬೇಕು. ನೇರ ಬಸ್ಸು ಇಲ್ಲದಿರುವುದು ಪ್ರಯಾಣಿಕರ ತಪ್ಪಲ್ಲ, ಬಸ್ಸು ಬದಲಿಸಿದ್ದಕ್ಕೆ ಅವರೇಕೆ ಹೆಚ್ಚು ತೆರಬೇಕು?

ಈ ಬೇಡಿಕೆಯನ್ನು ನಗರದ ನಾವು ಎತ್ತಿದರೆ ಅರ್ಧ ದನಿ ಮಾತ್ರ ಕೇಳುತ್ತದೆ. ನಮಗೆ ತಿಂಗಳ ಪಾಸಿದೆ, ಅಭ್ಯಾಸವಿದೆ. ಟಿಕೆಟ್ಟಿನ ಮೇಲೆ ಟಿಕೆಟ್ ಕೊಂಡು ಹೆಚ್ಚು ತೆರುವವರು ನೀವು. ರಾಜಧಾನಿ ನಿಮ್ಮದೂ ಹೌದು. ಆಸ್ಪತ್ರೆ, ಕೋರ್ಟು, ಕೌನ್ಸೆಲಿಂಗು ಎಂದು ರಾಜ್ಯದ ಎಲ್ಲ ಜಿಲ್ಲೆಗಳ ಜನರನ್ನೂ ಇಲ್ಲಿಗೇ ಕರೆಸಿಕೊಳ್ಳುವ ಸರ್ಕಾರ, ಬಂದವರು ಬಸ್ಸಿನಿಂದ ಮೆಟ್ರೊಗೆ, ಮೆಟ್ರೊದಿಂದ ಬಸ್ಸಿಗೆ ಒಂದೇ ಪಾಸಿನಲ್ಲಿ ಹೋಗುವ ಏರ್ಪಾಡನ್ನೂ ಮಾಡಬೇಕು. ನಿಮ್ಮ ಶಾಸಕರು ಊರಿಗೆ ಬಂದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ. ಅವರೂ ಬೆಂಗಳೂರಿಗೆ ಬಂದುಹೋಗುವವರೇ, ಬಸ್ಸಿನಲ್ಲಲ್ಲ ಅಷ್ಟೆ.

ಅಲ್ಲಿಯವರೆಗೆ ಹೊರಡುವ ಹಿಂದಿನ ರಾತ್ರಿ ಇಷ್ಟು ಮಾಡಿ. ಒಂದು ಚೀಟಿಯಲ್ಲಿ ನಾಳೆ ಹೋಗಬೇಕಾದ ಜಾಗಗಳನ್ನು ಸರದಿಯಲ್ಲಿ ಬರೆಯಿರಿ. ಒಂದೊಂದು ಜಾಗಕ್ಕೂ ಒಂದು ಗೀಟು ಎಳೆದು, ನಡುವೆ ನೇರ ಬಸ್ಸು ಇಲ್ಲದ ಕಡೆ ಒಂದು ಗೀಟು ಹೆಚ್ಚಿಗೆ ಹಾಕಿ. ಗೀಟುಗಳನ್ನು ಎಣಿಸಿ. ಮೂರರೊಳಗಿದ್ದರೆ ಟಿಕೆಟ್, ಐದು ಅಥವಾ ಹೆಚ್ಚಾದರೆ ಪಾಸು, ನಾಲ್ಕಾದರೆ ನನಗೊಂದು ಫೋನು ಮಾಡಿ. ಆಧಾರ್ ಕಾರ್ಡು ಚೀಲದ ತಳದಲ್ಲಿ ಬೇಡ, ಮೇಲೆಯೇ ಇರಲಿ.

ಇಂತಿ ನಿಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಬಸ್ ಪ್ರಯಾಣಿಕ